ದಾಳಿಂಬೆ ಸಿಪ್ಪೆಯ ಒಗರು

ಶರತ್ಕಾಲದ ಆಬಾನ್ ತಿಂಗಳು ಬಂತೆಂದರೆ ಸಾವೆ ಊರಿನ ನಮ್ಮ ಮನೆಯಲ್ಲಿ ಯಾರ ಕೈಯೂ ಬೆಳ್ಳಗಿರುತ್ತಿರಲಿಲ್ಲ. ತೋಟದಿಂದ ಬಂದ ಹುಳಿ ದಾಳಿಂಬೆ ಅಂಗಳದಲ್ಲಿ ಸೊಂಟದೆತ್ತರ ರಾಶಿ ಬೀಳುತ್ತಿತ್ತು. ಅದರ ಸುತ್ತ ಹಳೆಯ ಕಂಬಳಿ ಹಾಸಿಕೊಂಡು ಅಮ್ಮ, ಚಿಕ್ಕಮ್ಮಂದಿರು, ಬೀದಿಯ ಹೆಂಗಸರು ಕೂತು ಹಣ್ಣು ಬಿಡಿಸುತ್ತಿದ್ದರು. ನಾವು ಮಕ್ಕಳು ಕಾಳಿಗೆ ಉಪ್ಪು, ಗೋಲ್‌ಪರ್ ಎಂಬ ಮಸಾಲೆ ಪುಡಿ ಉದುರಿಸಿಕೊಂಡು ಬಾಯಿ ತುಂಬ ತಿಂದು ಬೈಸಿಕೊಳ್ಳುತ್ತಿದ್ದೆವು. ರಸ ತಾಮ್ರದ ಕೊಪ್ಪರಿಗೆಯಲ್ಲಿ ಕುದಿದು ಕುದಿದು ಮೂರನೆಯ ದಿನಕ್ಕೆ ಕಪ್ಪುಗೆಂಪು ಗಟ್ಟಿ ರೋಬ್ ಆಗುತ್ತಿತ್ತು. ವರ್ಷವಿಡೀ ಅಡುಗೆಗೆ ಅದೇ ನಮ್ಮ ಹುಳಿ. ಇಡೀ ಬೀದಿಗೆ ಅದರ ವಾಸನೆ. ಈಗಲೂ ಟೆಹರಾನಿನ ಯಾವುದೋ ಅಡುಗೆಮನೆಯಿಂದ ಆ ವಾಸನೆ ಬಂದರೆ ನಾನು ಮೆಟ್ಟಿಲಲ್ಲೇ ಒಂದು ಗಳಿಗೆ ನಿಂತುಬಿಡುತ್ತೇನೆ.

ಕಾಳು ಎಲ್ಲರಿಗೆ, ಸಿಪ್ಪೆ ಮಾತ್ರ ತಾವೂಸ್ ಅತ್ತೆಗೆ. ಆಕೆ ಅಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ನಮ್ಮ ಮನೆಗೆ ಬಂದವಳು ಬಾಗಿಲ ಪಕ್ಕದ ಕೋಣೆಯನ್ನೂ ಮಾಳಿಗೆಯನ್ನೂ ತನ್ನದು ಮಾಡಿಕೊಂಡಿದ್ದಳು. ಬೇರೆಯವರ ಮನೆಯಲ್ಲಿ ಸಿಪ್ಪೆ ತಿಪ್ಪೆಗೆ ಹೋಗುತ್ತಿತ್ತು, ಇಲ್ಲವೇ ಆಡಿನ ಬಾಯಿಗೆ. ಅತ್ತೆ ಅದನ್ನು ಬುಟ್ಟಿ ಬುಟ್ಟಿ ಮಾಳಿಗೆಗೆ ಹೊತ್ತು, ಬಿದಿರು ಚಾಪೆಯ ನೆರಳಲ್ಲಿ ಹರವಿ ಒಣಗಿಸುತ್ತಿದ್ದಳು. ಚಳಿಗಾಲದ ಮೊದಲಲ್ಲಿ ಕಾಶಾನಿನಿಂದ ಬಣ್ಣಗಾರ ಉಸ್ತಾದ್ ರಜಬ್ ಬಂದು ಉಣ್ಣೆಗೆ ಹಳದಿ ಹಾಕಲು ಅದನ್ನು ಒಯ್ಯುತ್ತಿದ್ದ. ಬದಲಿಗೆ ಒಂದೆರಡು ಲಡಿ ಬಣ್ಣದ ಉಣ್ಣೆ ಬಿಟ್ಟುಹೋಗುತ್ತಿದ್ದ. ನಮ್ಮ ಎಲ್ಲರ ಕಾಲುಚೀಲಗಳು ಆ ಹಳದಿಯವೇ.

ನನ್ನ ಅಣ್ಣ ಹೂಮನ್‌ಗೆ ಹದಿನೇಳು ತುಂಬಿದ ವರ್ಷ ಎಲ್ಲ ಬದಲಾಯಿತು. ಆಗ ನನಗೆ ಹನ್ನೆರಡು. ಅವನು ಊರಿನ ಫುಟ್‌ಬಾಲ್ ತಂಡದ ಗೋಲ್‌ಕೀಪರ್. ಮಾಳಿಗೆಯಿಂದ ನಾನೆಸೆದ ದಾಳಿಂಬೆಯನ್ನು ಅಂಗಳದಲ್ಲಿ ಹಾರಿ ಹಿಡಿಯುತ್ತಿದ್ದ, ಒಂದೂ ಒಡೆಯುತ್ತಿರಲಿಲ್ಲ. ಆ ಶರತ್ಕಾಲದಲ್ಲಿ ಅವನು ಹಾರುವುದನ್ನು ನಿಲ್ಲಿಸಿದ. ಅಂಗಳದ ಮೂಲೆಯ ಪಾಯಿಖಾನೆಗೆ ದಿನಕ್ಕೆ ಹತ್ತು ಸಲ, ಹದಿನೈದು ಸಲ ಹೋಗುತ್ತಿದ್ದ. ಹಣ್ಣು ಬಿಡಿಸುತ್ತ ಕೂತ ಹೆಂಗಸರ ಮುಂದೆಯೇ ಹಾದುಹೋಗಬೇಕು. ಒಬ್ಬಾಕೆ ನಕ್ಕು, "ಏನಪ್ಪಾ ಹೂಮನ್, ಒಳಗೆ ಬಾಡಿಗೆಗೆ ಇದ್ದೀಯಾ?" ಅಂದಳು. ಅಂದಿನಿಂದ ಅವನು ಹೆಂಗಸರು ಎದ್ದುಹೋಗುವವರೆಗೆ ತನ್ನ ಕೋಣೆಯಲ್ಲಿ ಹೊಟ್ಟೆ ಹಿಡಿದುಕೊಂಡು ಮಲಗಿರುತ್ತಿದ್ದ. ರಕ್ತ ಹೋಗುತ್ತಿರುವುದು ಅಮ್ಮನಿಗೆ ಗೊತ್ತಾದದ್ದು ಬಟ್ಟೆ ಒಗೆಯುವಾಗ.

ಟೆಹರಾನಿನ ವೈದ್ಯರು ದೊಡ್ಡ ಕರುಳಿನಲ್ಲಿ ಉರಿಯೂತ, ತುಂಬ ಹುಣ್ಣು ಎಂದರು. ಮಾತ್ರೆ ಬರೆದುಕೊಟ್ಟು, ಇದು ವಾಸಿಯಾಗಿ ಹೋಗುವ ಕಾಯಿಲೆಯಲ್ಲ, ಹದ್ದುಬಸ್ತಿನಲ್ಲಿಡುವ ಕಾಯಿಲೆ, ಚೆನ್ನಾಗಿದ್ದಾಗಲೂ ಮಾತ್ರೆ ಬಿಡಬೇಡಿ ಎಂದು ಅಪ್ಪನಿಗೆ ಎರಡು ಸಲ ಹೇಳಿ ಕಳಿಸಿದರು. ಆದರೆ ಅವು ಯುದ್ಧದ ವರ್ಷಗಳು. ಮೊದಲ ಡಬ್ಬಿ ಮುಗಿದ ಮೇಲೆ ಎರಡನೆಯದು ಸಿಗಲಿಲ್ಲ. ಅಪ್ಪ ಚೀಟಿ ಹಿಡಿದುಕೊಂಡು ಕೋಮ್‌ಗೆ ಹೋದ, ಅರಾಕ್‌ಗೆ ಹೋದ, ಟೆಹರಾನಿನ ಔಷಧಿ ಅಂಗಡಿಗಳ ಮುಂದೆ ಸಾಲು ನಿಂತ, ಬರಿಗೈಯಲ್ಲಿ ಬಂದ.

ಅತ್ತೆ ಒಂದು ಬೆಳಿಗ್ಗೆ ಯಾರನ್ನೂ ಕೇಳದೆ ಮಾಳಿಗೆಗೆ ಹತ್ತಿದಳು. ಒಣ ಸಿಪ್ಪೆ ತಂದು ಸಣ್ಣ ತಾಮ್ರದ ಪಾತ್ರೆಯಲ್ಲಿ ಕುದಿಸಿ, ಸೋಸಿ, ಚಹಾದ ಲೋಟಕ್ಕೆ ಬಗ್ಗಿಸಿ ಅಣ್ಣನ ಹಾಸಿಗೆಯ ಹತ್ತಿರ ಕೂತಳು. ಅವನು ಒಂದು ಗುಟುಕು ಕುಡಿದು ಮುಖ ಕಿವುಚಿದ. ಆ ಒಗರಿಗೆ ನಾಲಿಗೆ ಒಣಗಿದ ತೊಗಲಿನ ಹಾಗಾಗುತ್ತದೆ, ಮಾತೇ ಹೊರಳುವುದಿಲ್ಲ.

"ಅತ್ತೇ, ಇದು ಉಣ್ಣೆಗೆ ಹಾಕೋ ಬಣ್ಣ. ನನ್ನ ಹೊಟ್ಟೆಗೂ ಹಾಕ್ತಿದೀಯಲ್ಲ."

"ಹೊಟ್ಟೆ ಹಳದಿ ಆದ್ರೆ ಆಗ್ಲಿ ಕಣೋ, ಕೆಂಪು ನಿಲ್ಲಬೇಕು. ನನ್ನವ್ವ ರಕ್ತಭೇದಿಗೆ ಇದನ್ನೇ ಕೊಡ್ತಿದ್ಲು. ಮೂಗು ಮುಚ್ಕೊಂಡು ಕುಡಿ."

ದಿನಕ್ಕೆ ಎರಡು ಲೋಟ. ಮೂರು ವಾರ ಕಳೆಯುವಷ್ಟರಲ್ಲಿ ರಕ್ತ ನಿಂತಿತು. ಮೊದಲು ನುಂಗಿದ ಮಾತ್ರೆಯ ಫಲವೋ, ಕಷಾಯದ್ದೋ, ಕಾಯಿಲೆ ತಾನಾಗಿಯೇ ಮಲಗಿತ್ತೋ, ಇವತ್ತಿಗೂ ನನಗೆ ಗೊತ್ತಿಲ್ಲ. ಆಗ ಅದನ್ನು ಯೋಚಿಸುವ ವ್ಯವಧಾನ ಯಾರಿಗಿತ್ತು? ನೌರೂಜ್ ಹೊಸವರ್ಷಕ್ಕೆ ಅಣ್ಣ ಎಲ್ಲರ ಜೊತೆ ಕೂತು ಸೊಪ್ಪಿನ ಅನ್ನ, ಮೀನು ತಿಂದ. ಹಬ್ಬದ ಹದಿಮೂರನೆಯ ದಿನ ಪದ್ಧತಿಯ ಹಾಗೆ ಊರೆಲ್ಲ ಬಯಲೂಟಕ್ಕೆ ಹೋದಾಗ ತಲೆಯ ಮೇಲೆ ಚಹಾ ಕಾಯಿಸುವ ಸಮೋವರ್ ಹೊತ್ತುಕೊಂಡು ನಡೆದ. ಅತ್ತೆ ಹಿಂದಿನಿಂದ, "ನೋಡ್ರೇ, ನನ್ನ ಸಿಪ್ಪೆ ನಡ್ಕೊಂಡು ಹೋಗ್ತಿದೆ" ಎಂದು ಬೀದಿಗೆಲ್ಲ ಕೇಳುವ ಹಾಗೆ ಹೇಳಿದಳು. ನಮ್ಮ ಮನೆಯಲ್ಲಿ ಅಷ್ಟು ನಗು ಇದ್ದ ವಸಂತ ಇನ್ನೊಂದು ನನಗೆ ನೆನಪಿಲ್ಲ.

ಆಮೇಲೆ ಅಪ್ಪನಿಗೆ ಮಾತ್ರೆ ಸಿಕ್ಕಿತು, ಮೂರು ಡಬ್ಬಿ. ಅವನು ಅದನ್ನು ಹಬ್ಬದ ಸಿಹಿ ತಂದಂತೆ ಎರಡೂ ಕೈಯಲ್ಲಿ ಹಿಡಿದು ಬಂದ. ಅತ್ತೆ ಸಮೋವರ್ ಮುಂದಿನಿಂದಲೇ ಹೇಳಿದಳು.

"ಹುಡುಗ ಚೆನ್ನಾಗಿದ್ದಾನೆ. ಮತ್ತೆ ಆ ವಿಷ ಯಾಕೆ? ಅದನ್ನ ನುಂಗಿ ತಲೆನೋವು, ವಾಂತಿ ಅಂತ ಎಷ್ಟು ಒದ್ದಾಡಿದ. ಕಷಾಯ ಇದೆ, ಸಾಕು."

ಅಮ್ಮ ಅಪ್ಪನ ಮುಖ ನೋಡಿದಳು. ಅಪ್ಪ ಅಕ್ಕನ ಮುಖ ನೋಡಿದ. ಡಬ್ಬಿಗಳು ಅಣ್ಣನ ಕೋಣೆಯ ಕಪಾಟಿಗೆ ಹೋದವು.

ತೀರ್ ತಿಂಗಳ ಸುಡುಬಿಸಿಲಿನಲ್ಲಿ ಒಂದು ಮಧ್ಯಾಹ್ನ ಅಣ್ಣ ಆಟದ ಮೈದಾನದಿಂದ ಮನೆಗೆ ಬಂದು ಕಾರಂಜಿ ತೊಟ್ಟಿಯ ಪಕ್ಕ ಕುಸಿದ. ಹೊಟ್ಟೆ ತಮಟೆಯ ಹಾಗೆ ಬಿಗಿದಿತ್ತು, ಮೈ ಸುಡುತ್ತಿತ್ತು. ನೆರೆಯವರ ವ್ಯಾನಿನಲ್ಲಿ ಟೆಹರಾನಿಗೆ ಒಯ್ದರು. ಕರುಳು ಉಬ್ಬಿ ತೂತು ಬೀಳುವುದರಲ್ಲಿತ್ತಂತೆ. ಶಸ್ತ್ರವೈದ್ಯರು ದೊಡ್ಡ ಕರುಳನ್ನೇ ತೆಗೆದುಹಾಕಿದರು. ನಲವತ್ತು ದಿನ ಬಿಟ್ಟು ಅಣ್ಣ ಮನೆಗೆ ಬಂದಾಗ ಅಂಗಿಯ ಒಳಗೆ ಹೊಟ್ಟೆಗೆ ಅಂಟಿಸಿದ ಚೀಲವಿತ್ತು. ಇನ್ನು ಬದುಕಿರುವವರೆಗೆ ಅದು ಇರುತ್ತದೆ ಎಂದು ಅಮ್ಮ ನನಗೆ ಅಡುಗೆಮನೆಯಲ್ಲಿ ಪಿಸುಮಾತಿನಲ್ಲಿ ಹೇಳಿದಳು.

ಯಾರೂ ಅತ್ತೆಯನ್ನು ಬೈಯಲಿಲ್ಲ. ಅಪ್ಪ ಒಂದೇ ಒಂದು ಸಲ, ಊಟದ ಹಾಸಿನ ಮುಂದೆ, ರೊಟ್ಟಿ ಮುರಿಯುತ್ತ, "ನಿನ್ನ ಮಾತು ಕೇಳಿದೆ ಅಕ್ಕ" ಅಂದ. ಅಷ್ಟೇ. ಅತ್ತೆ ಎದ್ದು ತನ್ನ ಕೋಣೆಗೆ ಹೋದಳು. ಆ ವರ್ಷ ಆಬಾನ್ ಬಂದಾಗ ಸಿಪ್ಪೆಯ ರಾಶಿಯನ್ನು ಅವಳೇ ಬೀದಿಯ ಕೊನೆಯ ತಿಪ್ಪೆಗೆ ಹೊತ್ತು ಹಾಕಿದಳು. ಉಸ್ತಾದ್ ರಜಬ್ ಬಂದು ಬಾಗಿಲು ತಟ್ಟಿದಾಗ, "ಇಲ್ಲ, ಹೋಗು" ಎಂದಳು. ಅಣ್ಣನ ಜೊತೆ ಮಾತು ನಿಂತಿತು. ಸಿಟ್ಟಿನಿಂದಲ್ಲ. ಅವನ ಮುಂದೆ ಚಹಾ ಇಡುತ್ತಿದ್ದಳು, ಅವನ ಅಂಗಿ ಇಸ್ತ್ರಿ ಮಾಡುತ್ತಿದ್ದಳು, ಆದರೆ ಕಣ್ಣು ಗೋಡೆಯ ಮೇಲಿರುತ್ತಿತ್ತು. ಏನಾದರೂ ಹೇಳಬೇಕಿದ್ದರೆ ನನಗೆ ಹೇಳುತ್ತಿದ್ದಳು. "ನಾಹಿದ್, ನಿಮ್ಮಣ್ಣನಿಗೆ ಹೇಳು, ಹೊರಗೆ ಗಾಳಿ ಇದೆ ಅಂತ." ಅಣ್ಣ ಪಕ್ಕದಲ್ಲೇ ಕೂತಿರುತ್ತಿದ್ದ.

ಅಣ್ಣ ಒಂದು ವರ್ಷ ಮನೆಯಿಂದ ಹೊರಬೀಳಲಿಲ್ಲ. ಆಮೇಲೆ ನೀರಿನ ಪಂಪು ರಿಪೇರಿ ಕಲಿತ, ಅಂಗಡಿ ಇಟ್ಟ, ಮದುವೆಯಾದ. ಮಾತಿನಲ್ಲಿ ಮೊದಲಿಗಿಂತ ಚುರುಕಾದ. ಗಿರಾಕಿಗಳು ಸೋರುವ ಪಂಪು ತಂದರೆ, "ತೂತು, ಪೈಪು, ಚೀಲ, ಇದರಲ್ಲೆಲ್ಲ ನಂಗೆ ಮನೆಯಲ್ಲೇ ಅನುಭವ ಆಗಿದೆ" ಎನ್ನುತ್ತಿದ್ದ. ನಾನು ಟೆಹರಾನಿಗೆ ಔಷಧಶಾಸ್ತ್ರ ಓದಲು ಹೋದೆ.

ಹದಿನೇಳು ವರ್ಷ ಹೀಗೆ ಹೋಯಿತು. ಆಗ ನಾನು ಡಾಕ್ಟರ್ ಸರ್ಮದಿ ಅವರ ಪ್ರಯೋಗಾಲಯದಲ್ಲಿದ್ದೆ. ಅವರು ಸಣ್ಣ ಮೈಕಟ್ಟಿನ, ದೊಡ್ಡ ದನಿಯ ಹೆಂಗಸು. ಜನ ಎಸೆಯುವುದರಲ್ಲಿ ಔಷಧಿ ಹುಡುಕುವುದು ಅವರ ಹುಚ್ಚು. ಪಿಸ್ತಾ ಹೊಟ್ಟು, ಈರುಳ್ಳಿ ಸಿಪ್ಪೆ, ರಸದ ಕಾರ್ಖಾನೆಗಳ ಹಿಂದೆ ಕೊಳೆಯುವ ಹಿಂಡಿ, ಇವುಗಳ ಸಾರ ತೆಗೆದು ಇಲಿಗಳ ಕರುಳಿನ ಉರಿಯೂತದ ಮೇಲೆ ಪರೀಕ್ಷಿಸುವ ಕೆಲಸ ಆ ವರ್ಷ ಶುರುವಾಗಿತ್ತು. ನಮ್ಮಲ್ಲಿ ಒಬ್ಬೊಬ್ಬರು ಒಂದೊಂದನ್ನು ಆರಿಸಿಕೊಳ್ಳಬೇಕಿತ್ತು. ನಾನು ದಾಳಿಂಬೆ ಸಿಪ್ಪೆ ಎಂದೆ. ಯಾಕೆ ಎಂದು ಕೇಳಿದಾಗ ಮನೆಯ ಕತೆಯನ್ನೆಲ್ಲ ಹೇಳಿಬಿಟ್ಟೆ. ಅವರು ಕನ್ನಡಕ ತೆಗೆದು ಒರೆಸಿದರು.

"ಸರಿ, ಅದನ್ನೇ ಮಾಡು. ಒಂದು ಮಾತು ನೆನಪಿರಲಿ. ಉತ್ತರ ನಿಮ್ಮತ್ತೆಗೆ ಸಮಾಧಾನ ಆಗೋ ಹಾಗೆ ಬರ್ಬೇಕು ಅಂತ ಇಲಿ ಮುಂದೆ ಕೂತ್ಕೋಬೇಡ. ಇಲಿಗೆ ನಿಮ್ಮತ್ತೆ ಯಾರು ಅಂತ ಗೊತ್ತಿಲ್ಲ."

ಕಾರ್ಖಾನೆಯಿಂದ ತಂದ ಸಿಪ್ಪೆಗೆ ಬೂಷ್ಟು ಹಿಡಿದಿತ್ತು. ಹುಳಿ ಜಾತಿಯ, ನೆರಳಲ್ಲಿ ಒಣಗಿಸಿದ, ಶುದ್ಧ ಸಿಪ್ಪೆ ಬೇಕು. ನಾನು ಆಬಾನ್ ತಿಂಗಳಲ್ಲಿ ಬಸ್ಸು ಹತ್ತಿ ಸಾವೆಗೆ ಬಂದೆ.

ಅಂಗಳದಲ್ಲಿ ರಾಶಿ ಮೊದಲಿನಷ್ಟಿರಲಿಲ್ಲ, ಹೆಂಗಸರೂ ನಾಲ್ಕೈದು ಮಂದಿ ಮಾತ್ರ. ಅತ್ತೆಗೆ ಎಪ್ಪತ್ತೊಂಬತ್ತು. ಬೆನ್ನು ಬಾಗಿತ್ತು, ಕೈ ಮಾತ್ರ ಹಾಗೇ ಚುರುಕು. ಪಕ್ಕದಲ್ಲಿ ಕೂತು ಮೆಲ್ಲಗೆ ವಿಷಯ ಎತ್ತಿದೆ. ಅವಳು ಬಿಡಿಸುತ್ತಿದ್ದ ಹಣ್ಣನ್ನು ಬೋಗುಣಿಗೆ ಹಾಕಿದಳು.

"ಆ ಹಾಳು ಸಿಪ್ಪೆ ಹೆಸರು ನನ್ನ ಮುಂದೆ ಎತ್ತಬೇಡ. ಬೇಕಾದ್ರೆ ನೀನೇ ಬಾಚ್ಕೊಂಡು ಹೋಗು."

"ಒಣಗಿಸೋ ರೀತಿ ನಿಂಗೇ ಗೊತ್ತಿರೋದು ಅತ್ತೆ."

"ನಂಗೇನೂ ಗೊತ್ತಿಲ್ಲ. ಗೊತ್ತು ಅಂದ್ಕೊಂಡಿದ್ದೇ ತಪ್ಪಾಯ್ತು."

ಅಷ್ಟರಲ್ಲಿ ಅಣ್ಣ ಅಂಗಡಿಯಿಂದ ಊಟಕ್ಕೆ ಬಂದಿದ್ದ. ಗ್ರೀಸಿನ ಕೈ ಒರೆಸುತ್ತ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ. ಕೈ ತೊಳೆದು ಬಂದು, ರಾಶಿಯಿಂದ ಒಂದು ಹಿಡಿ ಹಸಿ ಸಿಪ್ಪೆ ಎತ್ತಿ, ಕಬ್ಬಿಣದ ಬಾಣಲೆಯಲ್ಲಿ ನೀರಿಟ್ಟು, ಹಾಗೆಯೇ ಅದರೊಳಗೆ ಸುರಿದ. ಅಂಗಳದ ಒಲೆಯ ಬೆಂಕಿ ಜೋರು ಮಾಡಿದ. ನೀರು ನೋಡುನೋಡುತ್ತ ಶಾಯಿಯ ಹಾಗೆ ಕಪ್ಪಗಾಯಿತು. ಅಮ್ಮ "ಏನು ಮಾಡ್ತಿದೀಯೋ?" ಎಂದರೂ ಅವನು ಸೌಟಿನಿಂದ ತಿರುವುತ್ತಲೇ ಇದ್ದ. ಅತ್ತೆ ಗೋಡೆ ನೋಡುತ್ತಿದ್ದಳು. ನೋಡುತ್ತ ನೋಡುತ್ತ ಅವಳ ತುಟಿ ಅಲ್ಲಾಡತೊಡಗಿತು. ಕೊನೆಗೆ ತಡೆಯಲಾಗಲಿಲ್ಲ.

"ಹಾಗಲ್ವೋ, ದರಿದ್ರ. ಕಬ್ಬಿಣ ತಾಗಿಸಿದ್ರೆ ಕಪ್ಪಾಗದೆ ಇನ್ನೇನಾಗುತ್ತೆ? ತಾಮ್ರದ್ದು ತಗೋ. ಒಳಗಿನ ಬಿಳೀದು ಕೆರೆದು ಬಿಸಾಕು. ಅಷ್ಟು ಉರಿ ಯಾಕೆ, ಯಾರ ಮದ್ವೆ ಇದೆ?"

ಹದಿನೇಳು ವರ್ಷದಲ್ಲಿ ಅವಳು ಅವನಿಗೆ ನೇರವಾಗಿ ಆಡಿದ ಮೊದಲ ಮಾತು ಅದು.

"ನಂಗೆ ಬರಲ್ಲ" ಅಂದ ಅಣ್ಣ. "ನೀನೇ ಮಾಡಿಕೊಡು. ಒಂದು ಲೋಟ."

"ನಿಂಗಾ? ನಿಂಗೆ ಮತ್ತೆ ನಾನು..." ಅತ್ತೆ ಬೋಗುಣಿಯನ್ನು ಆಚೆ ಸರಿಸಿದಳು.

"ಕೆಡೋದಕ್ಕೆ ನನ್ನ ಹತ್ರ ಕರುಳೇ ಇಲ್ವಲ್ಲ ಅತ್ತೆ. ಡಾಕ್ಟರು ಆವಾಗ್ಲೇ ತಗೊಂಡು ಹೋದ್ರು. ನನ್ನಷ್ಟು ಧೈರ್ಯವಾಗಿ ನಿನ್ನ ಕಷಾಯ ಕುಡಿಯೋನು ಈ ಊರಲ್ಲಿ ಇನ್ನೊಬ್ಬ ಇಲ್ಲ."

ಹೆಂಗಸರಲ್ಲಿ ಒಬ್ಬಳು ಬಾಯಿಗೆ ತಲೆವಸ್ತ್ರದ ಅಂಚು ಒತ್ತಿಕೊಂಡು ನಕ್ಕಳು. ಅತ್ತೆ ನಗಲಿಲ್ಲ. ಆದರೆ ಎದ್ದಳು. ಸಣ್ಣ ತಾಮ್ರದ ಪಾತ್ರೆ ಹುಡುಕಿ ತಂದಳು, ಸಿಪ್ಪೆಯ ಒಳಗಿನ ಬಿಳಿಯನ್ನು ಮರದ ಚಮಚದಿಂದ ಕೆರೆದಳು, ಸಣ್ಣ ಉರಿಯಲ್ಲಿ ಕುದಿಸಿದಳು. ನಾನು ಪಕ್ಕದಲ್ಲಿ ನಿಂತು ಒಂದೊಂದನ್ನೂ ಬರೆದುಕೊಂಡೆ. ಸೋಸಿ ಲೋಟಕ್ಕೆ ಬಗ್ಗಿಸಿ ಅವನ ಕೈಗೆ ಕೊಟ್ಟಳು. ಅಣ್ಣ ಕೂತು ನಿಧಾನವಾಗಿ ಪೂರ್ತಿ ಕುಡಿದ.

"ಅಷ್ಟೇ ಕೆಟ್ಟದಾಗಿದೆ" ಅಂದ. "ಒಂಚೂರೂ ಬದಲಾಗಿಲ್ಲ."

ಆಗ ಅತ್ತೆ ಅವನ ಮುಖ ನೋಡಿದಳು. ನೋಡಿ ಕೇಳಿದಳು. "ಇದೇ ಅಲ್ವೇನೋ ನಿನ್ನನ್ನ ಹಾಳು ಮಾಡಿದ್ದು? ನಾನೇ ಅಲ್ವಾ?"

ಅಣ್ಣ ಖಾಲಿ ಲೋಟವನ್ನು ಕೆಳಗಿಟ್ಟ. ಅವನ ಮುಖದಲ್ಲಿ ತಮಾಷೆ ಇರಲಿಲ್ಲ.

"ಅತ್ತೆ, ಮಾತ್ರೆ ಇದ್ದದ್ದು ನನ್ನ ಕಪಾಟಿನಲ್ಲಿ. ಬೇಡ ಅಂತ ನೀನು ಹೇಳಿದೆ, ನಿಜ. ಆದ್ರೆ ನಂಗೂ ಅದು ಬೇಡವಾಗಿತ್ತು. ಮತ್ತೆ ರಕ್ತ ಕಾಣಿಸ್ಕೊಂಡಿದ್ದು ನಾನು ಬೀಳೋಕೆ ಹತ್ತು ದಿನ ಮುಂಚೆ. ಅರಾಕ್‌ನವರ ಜೊತೆ ಪಂದ್ಯ ಇತ್ತು. ಹೇಳಿದ್ರೆ ಆಡೋಕೆ ಬಿಡ್ತಿರ್ಲಿಲ್ಲ. ಬಟ್ಟೆ ನಾನೇ ಕದ್ದು ತೊಳ್ಕೊಂಡೆ. ನೀನು ದಿನಾ ಕೇಳ್ತಿದ್ದೆ, ಹೇಗಿದೆ ಅಂತ. ನಾನು ಚೆನ್ನಾಗಿದೆ ಅಂತಿದ್ದೆ."

ಅಮ್ಮನ ಕೈಯಿಂದ ಚಾಕು ಜಾರಿತು. ಇದು ನಮಗೆ ಯಾರಿಗೂ ಗೊತ್ತಿರಲಿಲ್ಲ.

"ಇಷ್ಟು ವರ್ಷ ಯಾಕೋ ಬಾಯಿ ಬಿಡ್ಲಿಲ್ಲ?" ಅತ್ತೆಯ ದನಿ ತೀರಾ ಸಣ್ಣದಾಗಿತ್ತು.

"ಮೊದಲು ಹೆದರಿಕೆ. ಆಮೇಲೆ... ನೀನು ತಪ್ಪಿತಸ್ಥಳ ಹಾಗೆ ಓಡಾಡ್ತಿದ್ದೆ, ಎಲ್ಲರೂ ನನ್ನ ಮೇಲೆ ಕನಿಕರ ಪಡ್ತಿದ್ರು. ನಂಗೆ ಅದು ಸಲೀಸಾಗಿತ್ತು ಅತ್ತೆ. ಸುಳ್ಳು ಹೇಳಲ್ಲ."

ಅತ್ತೆ ಎದ್ದು ಹೋಗುತ್ತಾಳೆ ಅಂದುಕೊಂಡೆ. ಹೋಗಲಿಲ್ಲ. ಕೈಯಲ್ಲಿದ್ದ ಮರದ ಚಮಚದಿಂದ ಅವನ ಹೆಗಲಿಗೆ ಒಂದು ಬಾರಿಸಿದಳು, ಇನ್ನೊಂದು ಬಾರಿಸಿದಳು. ಆಮೇಲೆ ಅವನ ತಲೆಯನ್ನು ಎದೆಗೆ ಒತ್ತಿಕೊಂಡು ಅಳುತ್ತ ನಿಂತಳು. ಅಪ್ಪ ಆ ಹೊತ್ತಿಗೆ ಬದುಕಿರಲಿಲ್ಲ. ಅವನೂ ಇದನ್ನು ಕೇಳಬೇಕಿತ್ತು ಎಂದು ನನಗೆ ಈಗಲೂ ಅನಿಸುತ್ತದೆ.

ಮರುದಿನ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಮಾಳಿಗೆಯಿಂದ ಅತ್ತೆಯ ಬೈಗುಳ ಕೇಳುತ್ತಿತ್ತು. ಅಣ್ಣ ಅಂಗಡಿ ಮುಚ್ಚಿ, ಬುಟ್ಟಿ ಬುಟ್ಟಿ ಸಿಪ್ಪೆ ಹೊರುತ್ತಿದ್ದ. "ಬಿಸಿಲಿಗೆ ಹಾಕಬೇಡ ಅಂದ್ನಲ್ಲ. ಒಂದರ ಮೇಲೊಂದು ಒಟ್ಟಬೇಡ, ಅದಕ್ಕೂ ಉಸಿರಾಡ್ಬೇಕು." ಅಣ್ಣ ಕೆಳಗೆ ನನ್ನ ಕಡೆ ಬಗ್ಗಿ, "ಇವಳು ಮಾತು ಬಿಟ್ಟಿದ್ದಾಗಲೇ ಸುಖವಾಗಿದ್ದೆ" ಅಂದ. ಎರಡು ವಾರದ ಮೇಲೆ ಅವನೇ ನಾಲ್ಕು ಚೀಲ ಸಿಪ್ಪೆಯನ್ನು ಟೆಹರಾನಿಗೆ ತಂದು ಪ್ರಯೋಗಾಲಯದ ಮೆಟ್ಟಿಲ ಮೇಲೆ ಇಳಿಸಿದ.

ಕೆಲಸ ಮೂರು ವರ್ಷ ಹಿಡಿಯಿತು. ಸಿಪ್ಪೆಯ ಸಾರ ಮಾತ್ರ ಕೊಟ್ಟ ಇಲಿಗಳ ಕರುಳಿನಲ್ಲಿ ಊತ ಸ್ವಲ್ಪ ಇಳಿದಿತ್ತು. ಮಾತ್ರೆಯ ಔಷಧವನ್ನೂ ಸಾರವನ್ನೂ ಒಟ್ಟಿಗೆ ಕೊಟ್ಟವು ಎಲ್ಲಕ್ಕಿಂತ ಚೆನ್ನಾಗಿದ್ದವು. ಸಾರ ಹೆಚ್ಚಾದ ಕಡೆ ಹೊಟ್ಟೆ ಕೆಟ್ಟು ತೂಕ ಇಳಿದಿತ್ತು. ಡಾಕ್ಟರ್ ಸರ್ಮದಿ ಎಲ್ಲವನ್ನೂ ಮತ್ತೊಮ್ಮೆ ಮಾಡಿಸಿದರು. ಎರಡನೆಯ ಸಲವೂ ಹೆಚ್ಚುಕಡಿಮೆ ಹಾಗೆಯೇ ಬಂತು.

ಇದನ್ನು ಹೇಳಲು ಊರಿಗೆ ಹೋದಾಗ ಅತ್ತೆ ಹಾಸಿಗೆ ಹಿಡಿದಿದ್ದಳು. ಅಣ್ಣ ಪಕ್ಕದಲ್ಲಿ ಕೂತು ಕಿತ್ತಳೆ ಸುಲಿಯುತ್ತಿದ್ದ. ನಾನು ವಿವರಿಸಿದೆ. ಅವಳು ಕಣ್ಣು ಮುಚ್ಚಿಕೊಂಡೇ ಕೇಳಿದಳು.

"ಇಲಿಗೆ ವಾಸಿ ಆಯ್ತು ಅಂತೀಯ. ನಾನು ಜೀವಮಾನ ಎಲ್ಲ ಉಗ್ರಾಣದಲ್ಲಿ ಅದನ್ನ ಸಾಯಿಸೋಕೆ ನೋಡ್ದೆ, ನೀನು ಔಷಧಿ ಕೊಟ್ಟು ಕೂರಿಸ್ದೆ."

"ವಾಸಿ ಅಂತಲ್ಲ ಅತ್ತೆ. ಮಾತ್ರೆ ಜೊತೆ ಕೊಟ್ರೆ ಒಳ್ಳೇದು ಮಾಡೋ ಹಾಗೆ ಕಾಣುತ್ತೆ. ಮನುಷ್ಯರಿಗೆ ಹೇಗೆ ಅನ್ನೋದು ಇನ್ನೂ ಗೊತ್ತಿಲ್ಲ."

ಅವಳು ಕಂಬಳಿಯನ್ನು ಎದೆಯವರೆಗೆ ಎಳೆದುಕೊಂಡಳು. ನಿದ್ದೆ ಬಂತೇನೋ ಅಂದುಕೊಂಡೆವು.

"ಅಂದ್ರೆ ಎರಡೂ ಕೊಡ್ಬೇಕಿತ್ತು" ಅಂದಳು.

"ಹೌದು ಅತ್ತೆ."

"ಹೂಂ. ನಂಗೆ ಯಾರಾದ್ರೂ ಹೇಳಿದ್ರೆ ಕೊಡ್ತಿದ್ದೆ." ಆಮೇಲೆ ಅಣ್ಣನ ಕಡೆ ಕೈ ಚಾಚಿ, "ಆ ಕಿತ್ತಳೆ ಪೂರ್ತಿ ನೀನೇ ತಿಂತೀಯಾ ಹೇಗೆ?" ಎಂದಳು.

ಆ ವರ್ಷ ನೌರೂಜ್‌ಗೆ ನಾಲ್ಕು ದಿನ ಮುಂಚೆ ತೀರಿಕೊಂಡಳು. ಶವಕ್ಕೆ ಹೆಗಲು ಕೊಟ್ಟವರಲ್ಲಿ ಅಣ್ಣ ಮುಂದಿದ್ದ. ಭಾರ ಎತ್ತಬೇಡ ಎಂದು ವೈದ್ಯರು ಹೇಳಿದ್ದನ್ನು ನಾನು ನೆನಪಿಸಿದೆ. "ಇವಳೇನು ಭಾರ" ಅಂದ.

ನಮ್ಮ ಲೇಖನ ಅಚ್ಚಾಗುವಾಗ ಕೃತಜ್ಞತೆಯ ಸಾಲಿನಲ್ಲಿ ನಾನು 'ತಾವೂಸ್ ಖಾನುಮ್, ಸಾವೆ' ಎಂದು ಅತ್ತೆಯ ಹೆಸರನ್ನು ಗೌರವದಿಂದ ಸೇರಿಸಿದೆ. ಇವರು ಯಾವ ವಿಭಾಗದವರು ಎಂದು ಪತ್ರಿಕೆಯವರು ಕೇಳಿ ಬರೆದರು. ಡಾಕ್ಟರ್ ಸರ್ಮದಿ ಓದಿ ನಕ್ಕು, ಹೆಸರು ಮಾತ್ರ ಇರಲಿ ಎಂದು ಉತ್ತರ ಬರೆಸಿದರು. ಆಮೇಲೆ ಒಂದು ಆಸ್ಪತ್ರೆಯಲ್ಲಿ ಕೆಲವೇ ರೋಗಿಗಳ ಮೇಲೆ ಸಣ್ಣ ಪರೀಕ್ಷೆ ನಡೆಯಿತು. ಕೆಲವರಿಗೆ ಹಿತವಾಯಿತು, ಕೆಲವರಿಗೆ ಏನೂ ಆಗಲಿಲ್ಲ. ಇನ್ನೂ ದೊಡ್ಡದು ಆಗಬೇಕು, ಆಗುತ್ತದೋ ಇಲ್ಲವೋ. ನಾನೀಗ ನಿವೃತ್ತಳಾಗುವ ಹತ್ತಿರದಲ್ಲಿದ್ದೇನೆ. ಆ ಕೆಲಸ ನನ್ನ ವಿದ್ಯಾರ್ಥಿನಿಯರ ಕೈಯಲ್ಲಿದೆ.

ಎಲ್ಲಿಂದಲೋ ನನ್ನ ನಂಬರು ಹುಡುಕಿ ಜನ ಫೋನ್ ಮಾಡುತ್ತಾರೆ. ಹೆಚ್ಚಿನವರು ತಾಯಂದಿರು. ಸಿಪ್ಪೆ ಎಷ್ಟು, ನೀರು ಎಷ್ಟು ಎಂದು ಕೇಳುತ್ತಾರೆ. ನಾನು ಅಳತೆ ಹೇಳುವುದಿಲ್ಲ. ಮಾತ್ರೆ ಬಿಟ್ಟಿದ್ದಾನಾ ಎಂದು ಮೊದಲು ಕೇಳುತ್ತೇನೆ. ಹೋದ ತಿಂಗಳು ಹಮದಾನಿನ ಒಬ್ಬಾಕೆ, ಮಗನಿಗೆ ಹತ್ತೊಂಬತ್ತಂತೆ, "ಅವನು ಚೆನ್ನಾಗಿದ್ದೀನಿ ಅಂತಾನೆ ಖಾನುಮ್, ಆದ್ರೆ ಮುಖ ನೋಡಿದ್ರೆ ನಂಬಿಕೆ ಬರಲ್ಲ" ಎಂದಳು. ಪಕ್ಕದಲ್ಲಿ ಅಣ್ಣ ಕೂತಿದ್ದ, ಫೋನಿನ ದನಿ ಅವನಿಗೂ ಕೇಳುತ್ತಿತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಅವನೇ ಫೋನು ಕಸಿದುಕೊಂಡ.

"ಅಮ್ಮಾ, ಹುಡುಗನ್ನ ಕರೀರಿ" ಅಂದ. "ನಾನು ಅವನ ಹತ್ರ ಮಾತಾಡ್ತೀನಿ."